ಅಡುಗೆಗೆ ಊರಿನ ಹಕ್ಕುಪತ್ರ ಬೇಕೇ? ಪರ – ವಿರೋಧ

2019ರ ಸೆಪ್ಟೆಂಬರ್‌ನಲ್ಲಿ ಯಾರೋ ತಮಾಷೆಗೆ ಹಾಕಿದ ಒಂದು ಟ್ವೀಟ್‌ನಿಂದ, ಮೈಸೂರು ಪಾಕ್‌ನ ಜಿಐ ಟ್ಯಾಗ್ (ಒಂದು ಸರಕು ಇಂಥ ಊರಿನದು ಅಂತ ಕಾನೂನು ಕೊಡುವ ‘ಭೌಗೋಳಿಕ ಗುರುತು’) ತಮಿಳುನಾಡಿಗೆ ಹೋಯಿತು ಅಂತ ಸುದ್ದಿ ಹಬ್ಬಿತು. ಸುದ್ದಿ ಸುಳ್ಳು. ಅದರ ಮೇಲೆ ಎರಡೂ ರಾಜ್ಯದವರು ಆಡಿದ ಜಗಳ ಮಾತ್ರ ನಿಜ. ಒಂದು ತಿನಿಸನ್ನು ‘ಇದು ನಮ್ಮೂರಿನದು’ ಅಂತ ಕಾನೂನಿನಲ್ಲಿ ಬರೆಸಿಕೊಳ್ಳಬೇಕೇ, ಬೇಡವೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೆಸರು ಹೋದರೆ ಮಾಡುವವರ ಅನ್ನ ಹೋಗುತ್ತದೆ

ಧಾರವಾಡ ಪೇಡೆ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಖೋವಾ, ಸಕ್ಕರೆ ದೊಡ್ಡ ಬಾಣಲೆಗೆ ಬೀಳುತ್ತವೆ. ಬೆಳ್ಳಗಿದ್ದದ್ದು ಕೆನೆ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುವವರೆಗೆ ಸಟ್ಟುಗ ನಿಲ್ಲಿಸುವಂತಿಲ್ಲ. ಉರಿ ಸ್ವಲ್ಪ ಜಾಸ್ತಿಯಾದರೂ ತಳ ಹಿಡಿದು, ಸೀದ ವಾಸನೆ ಇಡೀ ಬಾಣಲೆಗೆ ಹತ್ತುತ್ತದೆ. ಅವಸರಪಟ್ಟು ಇಳಿಸಿದರೆ ಬಣ್ಣವೂ ಬರಲ್ಲ, ಘಮವೂ ಬರಲ್ಲ. ಹದ ಬಂದ ಮೇಲೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಇದರ ಹಿಂದೆ ಗೌಳಿಗರು ಸಾಕುವ ಎಮ್ಮೆಗಳಿವೆ, ಬೆಳಗಾಗುವ ಮೊದಲೇ ಎದ್ದು ಹಾಲು ಕರೆಯುವ ಕೈಗಳಿವೆ.

ಇನ್ನೊಬ್ಬರು ಎಲ್ಲೋ ಕೂತು ಹಾಲಿನ ಪುಡಿಗೆ ಬಣ್ಣ ಹಾಕಿ, ಡಬ್ಬಿಯ ಮೇಲೆ ‘ಧಾರವಾಡ ಪೇಡೆ’ ಅಂತ ಅಚ್ಚು ಹಾಕಿಸಿ ಅರ್ಧ ಬೆಲೆಗೆ ಮಾರಿದರೆ? ಕೊಂಡವರು ಒಂದು ತಿಂದು, ‘ಇಷ್ಟೇನಾ ಧಾರವಾಡ ಪೇಡೆ ಅಂದ್ರೆ’ ಅಂತ ಪಕ್ಕಕ್ಕಿಡುತ್ತಾರೆ. ನಷ್ಟ ಆಗುವುದು ಬಾಣಲೆ ಮುಂದೆ ನಿಂತವರಿಗೆ.

ನಮ್ಮ ಜಿಐ ಕಾಯ್ದೆ ಬಂದದ್ದು 1999ರಲ್ಲಿ, ಜಾರಿಯಾದದ್ದು 2003ರಲ್ಲಿ. ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ಇದನ್ನು ಟ್ರೇಡ್‌ಮಾರ್ಕ್ ಅಂತ ತಿಳಿದು ಬಯ್ಯುವವರು ತುಂಬಾ ಜನ. ಟ್ರೇಡ್‌ಮಾರ್ಕ್ ಒಬ್ಬ ಮಾಲೀಕನದ್ದು, ಅವನು ಮಾರಿಕೊಳ್ಳಲೂಬಹುದು. ಜಿಐ ಹಾಗಲ್ಲ. ಆ ಪ್ರದೇಶದಲ್ಲಿ, ಆ ಕ್ರಮದಲ್ಲಿ ಮಾಡುವ ಯಾರು ಬೇಕಾದರೂ ‘ಅಧಿಕೃತ ಬಳಕೆದಾರ’ ಅಂತ ನೋಂದಾಯಿಸಿಕೊಂಡು ಆ ಹೆಸರನ್ನು ಬಳಸಬಹುದು. ಅದನ್ನು ಯಾರಿಗೂ ಮಾರಲು ಬರುವುದಿಲ್ಲ. ಊರಿನ ಗೋಮಾಳ ಊರವರಿಗೆಲ್ಲ ಸೇರಿದ ಹಾಗೆ ಇದು.

ಹೊರಗಿನ ಒಂದು ಉದಾಹರಣೆ ನೋಡಿ. ಫೆಟಾ ಗ್ರೀಸ್ ದೇಶದ ಚೀಸ್. ಕುರಿ ಹಾಲಿನಿಂದ ಮಾಡುತ್ತಾರೆ. ಮೇಕೆ ಹಾಲು ಸೇರಿಸಿದರೂ ಶೇ 30ಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ. ಕನಿಷ್ಠ ಎರಡು ತಿಂಗಳು ಹಣ್ಣಾಗಬೇಕು. ಒಣಗುಡ್ಡಗಳಲ್ಲಿ ಮೇಯುವ ಕುರಿಗಳ ಹಾಲಿಗೆ ಒಂದು ಹುಳಿ, ಒಂದು ಖಾರ ಇರುತ್ತದೆ. ಡೆನ್ಮಾರ್ಕ್‌ನವರು ಹಸುವಿನ ಹಾಲಿನಿಂದ ಚೀಸ್ ಮಾಡಿ ಅದಕ್ಕೂ ಫೆಟಾ ಅಂತ ಹೆಸರಿಟ್ಟು ದೇಶ ದೇಶಕ್ಕೆ ಕಳಿಸುತ್ತಿದ್ದರು. 2002ರಲ್ಲಿ ಯುರೋಪಿಯನ್ ಒಕ್ಕೂಟ ಆ ಹೆಸರನ್ನು ಗ್ರೀಸ್‌ಗೆ ಕಾಯ್ದಿಟ್ಟಿತು. ಡೆನ್ಮಾರ್ಕ್, ಜರ್ಮನಿ ಕೋರ್ಟಿಗೆ ಹೋಗಿ 2005ರಲ್ಲಿ ಸೋತವು. ಒಕ್ಕೂಟದ ಹೊರಗಿನ ದೇಶಗಳಿಗೂ ಆ ಹೆಸರಲ್ಲಿ ಕಳಿಸಲು ಬಿಟ್ಟದ್ದು ಡೆನ್ಮಾರ್ಕ್‌ನ ತಪ್ಪು ಅಂತ 2022ರಲ್ಲಿ ಇನ್ನೊಂದು ತೀರ್ಪು ಬಂತು. ಹಸು ಹಾಲಿನ ಬಿಳಿ ಚೀಸ್ ಮಾಡಬೇಡಿ ಅಂತ ಡೇನರಿಗೆ ಯಾರೂ ಹೇಳಿಲ್ಲ. ಬೇರೆ ಹೆಸರಿಟ್ಟು ಮಾರಿ ಅಂದರು, ಅಷ್ಟೇ. ಇದರಲ್ಲಿ ಅನ್ಯಾಯ ಎಲ್ಲಿದೆ?

ಹಕ್ಕು ಕೊಟ್ಟರೆ ಅಕ್ಕಪಕ್ಕದವರು ಹೊಡೆದಾಡುತ್ತಾರೆ ಅನ್ನುವವರು ರಸಗುಲ್ಲದ ಕಥೆ ಪೂರ್ತಿ ಓದಬೇಕು. 2017ರಲ್ಲಿ ‘ಬಾಂಗ್ಲಾರ್ ರಸೊಗೊಲ್ಲಾ’ಕ್ಕೆ ಜಿಐ ಸಿಕ್ಕಿತು, 2019ರಲ್ಲಿ ‘ಒಡಿಶಾ ರಸಗೋಲ’ಕ್ಕೂ ಸಿಕ್ಕಿತು. ಬಂಗಾಳದ್ದು ಬೆಳ್ಳಗೆ, ಹಿಂಡಿದರೆ ಸ್ಪಂಜಿನಂತೆ ಮತ್ತೆ ಉಬ್ಬುತ್ತದೆ. ಒಡಿಶಾದ್ದು ತುಸು ಕಂದು, ಬಾಯಲ್ಲಿಟ್ಟರೆ ಕರಗುತ್ತದೆ. ಎರಡಕ್ಕೂ ಜಾಗ ಸಿಕ್ಕಿತಲ್ವಾ?

ಉಡುಪಿ ಹತ್ತಿರದ ಮಟ್ಟು ಗ್ರಾಮದ ಗುಳ್ಳ ಬದನೆಯ ವಿಷಯಕ್ಕೆ ಬಂದರೆ ನನ್ನ ಮಾತು ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೂ ಜಿಐ ಇದೆ. ಸಮುದ್ರದ ಬದಿಯ ಆ ಮಣ್ಣಿನಲ್ಲಿ ಬೆಳೆದ, ಗುಂಡಗಿನ ತಿಳಿಹಸಿರು ಕಾಯಿಗೆ ಸಿಪ್ಪೆ ತೆಳು. ಹುಳಿಗೆ ಹಾಕಿದರೆ ಬೇಗ ಬೇಯುತ್ತದೆ. ಬೇರೆ ಕಡೆಯ ಹಸಿರು ಬದನೆಯನ್ನು ಅದೇ ಹೆಸರಲ್ಲಿ ಬುಟ್ಟಿಗೆ ತುಂಬಿದರೆ, ಆ ಸಣ್ಣ ಗ್ರಾಮದ ಬೆಳೆಗಾರರು ಯಾವ ಅಂಗಡಿ ಅಂತ ಸುತ್ತಿ ಹೇಳಿಯಾರು?

ದುಡ್ಡಿನ ಲೆಕ್ಕಕ್ಕೆ ಸಿಗದ ಕಾರಣವೂ ಒಂದಿದೆ. 2022ರ ಜುಲೈನಲ್ಲಿ, ಯುದ್ಧದ ನಡುವೆ, ಯುಕ್ರೇನಿನ ಬೋರ್ಷ್ ಅಡುಗೆಯ ಸಂಪ್ರದಾಯವನ್ನು ಯುನೆಸ್ಕೊ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮನೆ ಬಿಟ್ಟು ಓಡುವ ಜನರಿಗೆ ತಮ್ಮ ಬೀಟ್‌ರೂಟ್ ಸಾರು ಬಿಸಿ ಮಾಡಿಕೊಳ್ಳಲು ಒಲೆಯೇ ಇಲ್ಲದಾಗ, ಅದು ಅವರ ಬದುಕಿನ ಭಾಗ ಅಂತ ಲೋಕ ಒಪ್ಪಿ ಬರೆದಿಡುವುದು ಸಣ್ಣ ಮಾತಲ್ಲ. ‘ಅಡುಗೆ ಎಲ್ಲರದ್ದು’ ಅನ್ನುವುದು, ಕಳೆದುಕೊಳ್ಳಲು ಏನೂ ಇಲ್ಲದವರಿಗೆ ತುಂಬಾ ಸುಲಭ.

ವಿರೋಧ: ಮಣ್ಣಿಗೆ ಗಡಿ ಇದೆ, ಪಾಕಕ್ಕೆ ಇಲ್ಲ

ಮಟ್ಟು ಗುಳ್ಳದ ಮಾತು ಒಪ್ಪುತ್ತೇನೆ. ಗಿಡ, ಮಣ್ಣು, ನೀರು ಒಂದು ಜಾಗಕ್ಕೆ ಅಂಟಿಕೊಂಡಿರುತ್ತವೆ. ನನ್ನ ತಕರಾರು ಇರುವುದು ಒಲೆಯ ಮೇಲೆ ಆಗುವ ಅಡುಗೆಗೆ ಹಕ್ಕುಪತ್ರ ಬರೆಯುವುದರ ಬಗ್ಗೆ. ಒಲೆ ಊರಿಂದ ಊರಿಗೆ ಹೋಗುತ್ತದೆ, ಹೋದಲ್ಲೆಲ್ಲ ಅಡುಗೆ ಬದಲಾಗುತ್ತದೆ.

ಧಾರವಾಡ ಪೇಡೆಯನ್ನೇ ತಗೊಳ್ಳಿ. ಅದನ್ನು ಅಲ್ಲಿಗೆ ತಂದದ್ದು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗ್ ಮಾರಿಗೆ ಹೆದರಿ ಬಂದ ಠಾಕೂರ್ ಮನೆತನ. ಉತ್ತರದಲ್ಲಿ ಪೇಡೆ ಅವರಿಗೂ ಮುಂಚೆ ಇತ್ತು. ‘ನಮ್ಮ ಪೇಡೆ ನಮ್ಮ ಗಡಿ ದಾಟಬಾರದು’ ಅಂತ ಅಲ್ಲಿನವರು ಆಗ ಒಂದು ಕಾಗದ ಮಾಡಿಟ್ಟಿದ್ದರೆ, ಬರಿಗೈಯಲ್ಲಿ ಬಂದ ಆ ಕುಟುಂಬ ಧಾರವಾಡದಲ್ಲಿ ಯಾವ ಹೆಸರಿನಿಂದ ಅಂಗಡಿ ತೆರೆಯಬೇಕಿತ್ತು? ಇವತ್ತು ಹೊಟ್ಟೆಪಾಡಿಗೆ ಧಾರವಾಡ ಬಿಟ್ಟು ಬೇರೆ ಊರಿಗೆ ಹೋಗಿ, ಅದೇ ಹದದಲ್ಲಿ ಹುರಿದು ಮಾರುವ ಕೆಲಸಗಾರನಿಗೆ ಆ ಹೆಸರು ಸಿಗುವುದಿಲ್ಲ. ಕೈ ಅದೇ, ಊರು ಬೇರೆ.

ಇನ್ನೂ ಹಿಂದಕ್ಕೆ ಹೋಗೋಣ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಇಡ್ಲಿಯ ಹಿರೀಕ ಸಿಗುತ್ತದೆ. ಉದ್ದಿನ ಹಿಟ್ಟು, ಕಾಳುಮೆಣಸು, ಜೀರಿಗೆ, ಇಂಗು. ಅಕ್ಕಿಯ ಸುದ್ದಿಯೇ ಇಲ್ಲ! ಅರಮನೆಯವರು ಆ ಪಾಕವನ್ನೇ ‘ಅಸಲಿ’ ಅಂತ ಬರೆಸಿ ಬೀಗ ಹಾಕಿದ್ದರೆ, ಅಕ್ಕಿ ಸೇರಿಸಿ ರುಬ್ಬಿ, ರಾತ್ರಿಯಿಡೀ ಹುಳಿ ಬರಿಸಿ, ಬೆಳಗ್ಗೆ ಹಬೆಯಲ್ಲಿ ಬೇಯಿಸುವ ಇಡ್ಲಿಯನ್ನು ಆ ಹೆಸರಿನಿಂದ ಕರೆಯಲು ಕಾನೂನು ಬಿಡುತ್ತಿತ್ತೇ? ಆಗ ಖಾರಕ್ಕೆ ಇದ್ದದ್ದು ಕಾಳುಮೆಣಸು. ಮೆಣಸಿನಕಾಯಿ ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂತು. ಅದು ಒಳನಾಡಿಗೆ ನಡೆದು, ಹಾವೇರಿ ಕಡೆಯ ಹೊಲಗಳಲ್ಲಿ ಸುಕ್ಕು ಸಿಪ್ಪೆಯ, ಕಡು ಕೆಂಪಿನ, ಖಾರ ಕಡಿಮೆ ಇರುವ ಬ್ಯಾಡಗಿಯಾಯಿತು. ರಾಗಿ ಆಫ್ರಿಕಾದ್ದು. ಕಾಫಿ ಅರೇಬಿಯಾದ ಕಡೆಯಿಂದ ಬಂದದ್ದು. ನಮ್ಮ ತಟ್ಟೆ ತುಂಬಿರುವುದೇ ಯಾರೋ ಕೊಟ್ಟ ಸಾಮಾನಿನಿಂದ.

ಬೇರೆಯವರ ಕಥೆಯೂ ಇದೇ. ಸೆನೆಗಲ್‌ನ ಮೀನು-ಅನ್ನದ ಅಡುಗೆಯನ್ನು 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿತು. ಅದರ ಟೊಮೆಟೊ ಮೂಲದಲ್ಲಿ ಅಮೆರಿಕದ್ದು. ಅದರ ನುಚ್ಚಕ್ಕಿ ಫ್ರೆಂಚರ ಆಳ್ವಿಕೆಯಲ್ಲಿ ಇಂಡೊಚೀನಾದಿಂದ ಬರುತ್ತಿತ್ತು. ಅದನ್ನು ರುಚಿ ಮಾಡಿದ್ದು ಸೆನೆಗಲ್‌ನ ಹೆಂಗಸರು, ಅದರಲ್ಲಿ ಎರಡು ಮಾತಿಲ್ಲ. ಅದೇ ಅನ್ನ ನೈಜೀರಿಯ, ಘಾನಾಗಳಲ್ಲಿ ಜೊಲೊಫ್ ಆಗಿ ಬೇರೆ ರುಚಿ ತಳೆದಿದೆ. ‘ಯಾರದ್ದು ಅಸಲಿ’ ಅಂತ ಅಲ್ಲೂ ಜಗಳ.

ಕಾಗದ ಬಂದರೆ ಜಗಳ ನಿಲ್ಲುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. 2020ರಲ್ಲಿ ಚೀನಾದ ಪಾವೊ ಸಾಯ್ ಅನ್ನುವ ತರಕಾರಿ ಉಪ್ಪಿನಕಾಯಿಗೆ ಅಂತರರಾಷ್ಟ್ರೀಯ ಗುಣಮಟ್ಟದ ದಾಖಲೆ ಬಂತು. ಇದು ಕಿಮ್ಚಿಗೆ, ಅಂದರೆ ಕೊರಿಯಾದವರ ಹುಳಿ ಬರಿಸಿದ ತರಕಾರಿಗೆ, ಅನ್ವಯಿಸುವುದಿಲ್ಲ ಅಂತ ದಾಖಲೆಯಲ್ಲೇ ಬರೆದಿತ್ತು. ಆದರೂ ಚೀನಾದ ಪತ್ರಿಕೆಯೊಂದು ಅದನ್ನು ಕಿಮ್ಚಿಯ ಮೇಲಿನ ಗೆಲುವು ಎಂಬಂತೆ ಬರೆದು, ಕೊರಿಯಾದವರ ಸಿಟ್ಟು ನೆತ್ತಿಗೇರಿತು. ರಸಗುಲ್ಲಕ್ಕೂ ಜಾಗ ಸಿಕ್ಕಿತು ಅಂತ ಮೇಲೆ ಹೇಳಿದರು. 2015ರಿಂದ ಸಮಿತಿ, ವರದಿ, ದಿನಾಚರಣೆ ಅಂತ ಎರಡು ಸರ್ಕಾರಗಳು ಓಡಾಡಿದ ಮೇಲೆ ಸಿಕ್ಕಿದ್ದು ಅದು. ಅಷ್ಟೂ ವರ್ಷ ಎರಡೂ ಕಡೆಯ ಜನ ಎರಡೂ ತಿನಿಸು ತಿನ್ನುತ್ತಲೇ ಇದ್ದರು.

ಹೋಗಲಿ, ಬಡವನ ಕೈಗೆ ನಾಲ್ಕು ಕಾಸು ಜಾಸ್ತಿ ಬರುತ್ತದೆಯೇ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಸಿಕ್ಕಿದೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು, ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಮಣ್ಣಿನ ಬೆಳೆಗೇ ಹೀಗಾದರೆ, ಮಿಠಾಯಿ ಅಂಗಡಿಯಲ್ಲಿ ಸಂಬಳಕ್ಕೆ ಬಾಣಲೆ ಕೈಯಾಡಿಸುವವನಿಗೆ ಜಿಐ ಏನು ಕೊಟ್ಟೀತು? ಅಧಿಕೃತ ಬಳಕೆದಾರನಾಗಿ ಅರ್ಜಿ ಹಾಕುವುದು ಅಂಗಡಿ ಮಾಲೀಕ, ಕೆಲಸಗಾರ ಅಲ್ಲ.

ಯುನೆಸ್ಕೊ ಪಟ್ಟಿಯನ್ನು ಇದರ ಜೊತೆ ಸೇರಿಸಿ ಮಾತಾಡುವುದೂ ಸರಿಯಲ್ಲ. ಅದು ಯಾರಿಗೂ ಒಡೆತನ ಕೊಡುವುದಿಲ್ಲ. ಬೋರ್ಷ್ ಸೇರಿಸಿದಾಗಲೂ ಮಾಲೀಕತ್ವದ ಮಾತು ಬರಲಿಲ್ಲ. ನನಗೆ ಇಷ್ಟವಾಗುವ ದಾರಿ ಕುಸ್ಕುಸ್‌ನದ್ದು, ಅಂದರೆ ಉತ್ತರ ಆಫ್ರಿಕಾದವರು ರವೆಯಿಂದ ಮಾಡುವ ಅಡುಗೆಯದ್ದು. ಅಲ್ಜೀರಿಯ, ಮೊರೊಕ್ಕೊ ನಡುವಿನ ಗಡಿ 1994ರಿಂದ ಮುಚ್ಚಿದೆ. ಆ ಎರಡು ದೇಶಗಳು ಟುನೀಸಿಯ, ಮಾರಿಟೇನಿಯ ಜೊತೆ ಸೇರಿ ಒಂದೇ ಅರ್ಜಿ ಹಾಕಿ, 2020ರಲ್ಲಿ ಕುಸ್ಕುಸ್ ಮಾಡುವ ವಿದ್ಯೆಯನ್ನು ಒಟ್ಟಿಗೆ ಪಟ್ಟಿಗೆ ಸೇರಿಸಿದವು.

ಹಾಲಿನ ಪುಡಿಗೆ ಬಣ್ಣ ಹಾಕಿ ಪೇಡೆ ಅಂತ ಮಾರುವವನನ್ನು ಹಿಡಿಯಬೇಕು, ಖಂಡಿತ. ಅದು ಕಲಬೆರಕೆ ಮತ್ತು ಲೇಬಲ್ ನೋಡುವ ಆಹಾರ ಅಧಿಕಾರಿಗಳ ಕೆಲಸ. ಅವನು ಧಾರವಾಡದಲ್ಲೇ ಕೂತು ಹಾಗೆ ಮಾಡಿದರೂ ಹಿಡಿಯಬೇಕು. ಎಮ್ಮೆ ಹಾಲಿನ ಖೋವಾವನ್ನು ಕಂದು ಬರುವವರೆಗೆ ಹುರಿದವನು ಹೊಸಪೇಟೆಯಲ್ಲಿದ್ದರೂ, ಹೂಸ್ಟನ್‌ನಲ್ಲಿದ್ದರೂ ಧಾರವಾಡ ಪೇಡೆ ಅಂತಲೇ ಬೋರ್ಡ್ ಹಾಕಲಿ, ಕೆಳಗೆ ತನ್ನ ಊರಿನ ಹೆಸರನ್ನೂ ಬರೆಯಲಿ.