ಕರಾವಳಿಯ ಬ್ಯಾಂಕುಗಳು ಬರೀ ಜಾತಿ ಲೆಕ್ಕವಲ್ಲ

ಕರಾವಳಿಯ ಬ್ಯಾಂಕುಗಳ ಕುರಿತ ಲೇಖನಮಾಲೆಯೊಂದರಲ್ಲಿ, ಈ ಬ್ಯಾಂಕುಗಳನ್ನೆಲ್ಲ ಆಯಾ ಜಾತಿಯವರು ತಮ್ಮವರಿಗಾಗಿ ಕಟ್ಟಿಕೊಂಡರು ಎಂದು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಅರ್ಧ ಸರಿ. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರು ಮುಂದೆ ನಿಂತು ಶುರುಮಾಡಿದ ವಿಜಯಾ ಬ್ಯಾಂಕಿನ ಹಿಂದೆ ಬಂಟ ಸಮುದಾಯದವರೇ ಇದ್ದರು, ಒಪ್ಪಿದೆ. ಹಾಗಾದರೆ ಉಡುಪಿಯ ಕಾರ್ಪೊರೇಷನ್ ಬ್ಯಾಂಕನ್ನು ಯಾವ ಖಾನೆಯಲ್ಲಿ ಇಡುತ್ತೀರಿ ಸ್ವಾಮಿ? 1906ರಲ್ಲಿ ಅದನ್ನು ಹುಟ್ಟುಹಾಕಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಬಂದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರಲ್ಲ, ಅದು ಅಪ್ಪಟ ಉಡುಪಿ ಪೇಟೆಯ ಲೆಕ್ಕ!

ಸಿಂಡಿಕೇಟ್ ಬ್ಯಾಂಕಿನ ಬಗ್ಗೆಯೂ ಅಷ್ಟೆ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿಯಲ್ಲಿ ಶುರುಮಾಡಿದಾಗ ಕಣ್ಣೆದುರಿಗಿದ್ದವರು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರು. 1928ರಲ್ಲಿ ಪಿಗ್ಮಿ ಎಂಬ ದಿನದಿನದ ಸಣ್ಣ ಉಳಿತಾಯದ ಯೋಜನೆ ಬಂತು. ಏಜೆಂಟ್ ದಿನಾ ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ಎರಡಾಣೆ ಆದರೂ ಸರಿ ಎಂದು ಕಟ್ಟಿಸಿಕೊಳ್ಳುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಹತ್ತಿರ ಬ್ಯಾಂಕೇ ನಡೆದು ಹೋದದ್ದು ಹೀಗೆ. ಠೇವಣಿದಾರರ ಜಾತಿ ಕೇಳಿದ್ದರೆ ಈ ಯೋಜನೆ ಒಂದು ಬೀದಿ ದಾಟುತ್ತಿರಲಿಲ್ಲ.

2019ರಲ್ಲಿ ವಿಜಯಾ, 2020ರಲ್ಲಿ ಉಳಿದೆರಡು ವಿಲೀನವಾದವು. ಅದರ ಚರ್ಚೆ ಸಾಕಷ್ಟು ಆಗಿದೆ. ಪಿಗ್ಮಿ ಮಾತ್ರ ನಮ್ಮ ಸಹಕಾರಿ ಸಂಘಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಮುಂದಿನ ಕಂತು ಬರೆಯುವುದಾದರೆ ಸ್ಥಾಪಕರ ಫೋಟೋಗಳನ್ನು ಸ್ವಲ್ಪ ಕಡಿಮೆ ಮಾಡಿ, ಬಿಸಿಲು ಮಳೆ ಎನ್ನದೆ ಕಮಿಷನ್ನಿಗೆ ತಿರುಗಿದ ಏಜೆಂಟರನ್ನು ಮಾತಾಡಿಸಿ.