ಆಗುಂಬೆ ಎಂಬ ಬಯಲುಸೀಮೆ

ಭೂಗೋಳದ ಮೇಷ್ಟ್ರುಗಳು ಪಾಠ ತಿದ್ದಿಕೊಳ್ಳಬೇಕು. ಆಗುಂಬೆ ಇರುವುದು ಬಯಲಿನಲ್ಲಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಗುಡ್ಡಗಾಡು ರಾಜ್ಯಗಳಿಗೆ ಮನೆಯೊಂದಕ್ಕೆ 1.30 ಲಕ್ಷ ಕೊಡುತ್ತದೆ, ಬಯಲಿಗೆ 1.20 ಲಕ್ಷ. ಕರ್ನಾಟಕ ಬಯಲಿನ ಸಾಲಿನಲ್ಲಿ ಕೂತಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಹೊಯ್ಯುವ ಘಟ್ಟದ ತುದಿಯೂ ಬಳ್ಳಾರಿಯ ಪಕ್ಕದಲ್ಲೇ. ಹತ್ತು ಸಾವಿರಕ್ಕೆ ಜಗಳವೇಕೆ ಅನ್ನುತ್ತೀರಾ? ಸರಿ, ಬಿಡೋಣ. ಎರಡೂ ದರ 2016ರವು. ಸಿಮೆಂಟು ಮಾತ್ರ ಅಲ್ಲೇ ನಿಂತಿಲ್ಲ.

ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆಯ ಜಾಗವೂ ಸೇರಿ. ಅಂದರೆ 269 ಚದರ ಅಡಿ. ಬಯಲಿನಲ್ಲಿ ಇದರ ಮೇಲೊಂದು ತಾರಸಿ ಎಳೆದರೆ ಕೆಲಸ ಮುಗಿಯಿತು. ಇಲ್ಲಿ ಓರೆಮಳೆ ಗೋಡೆಗೇ ಬಡಿಯುತ್ತದೆ. ಸುತ್ತ ಎರಡಡಿ ಸೂರು ಬಿಡದಿದ್ದರೆ ಜಂಬಿಟ್ಟಿಗೆ ನೀರು ಕುಡಿದು ಒಳಗೋಡೆಗೆ ಬೂಸಲು ಹತ್ತುತ್ತದೆ. ಸೂರು ಬಿಟ್ಟು, 30 ಡಿಗ್ರಿ ಇಳಿಜಾರು ಕೊಟ್ಟರೆ ಮಾಡು 480 ಚದರ ಅಡಿಗೆ ಹಿಗ್ಗುತ್ತದೆ. ಮಂಗಳೂರು ಹೆಂಚು ಸುಮಾರು 670 ಬೇಕು, ಹೆಂಚು ಹೊರುವ ಮರದ ಪಕಾಸಿ, ರೀಪು ಬೇರೆ. ತಾರಸಿ ಹಾಕಿದವರು ಎರಡನೇ ಮಳೆಗಾಲಕ್ಕೆ ಅದರ ಮೇಲೆ ಶೀಟು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡು, ಅನುದಾನ ಅರ್ಧ ಮಾಡಿಗೆ.

ಇಷ್ಟೆಲ್ಲ ತಲೆಬಿಸಿ ಜಾಗ ಇದ್ದವರಿಗೆ. ಮನೆ ಬೇಕೆಂದರೆ ನಿವೇಶನ ತೋರಿಸಿ. ನಿವೇಶನವಿಲ್ಲವೇ? ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಅರ್ಜಿ ಹಾಕಿ, ಸರ್ಕಾರಿ ಜಾಗದಲ್ಲಿ ಅಕ್ರಮವಾಗಿ ಕಟ್ಟಿದ ಮನೆ ಇದ್ದರೆ ಸಕ್ರಮವಾಗುತ್ತದೆ. ಅಂದರೆ ಜಾಗ ಸಿಗಲು ಮೊದಲು ಮನೆ ಬೇಕು. ಕಾನೂನಿಗೆ ಹೆದರಿ ಅತಿಕ್ರಮಿಸದೆ ಕೂತವನು ಎರಡೂ ಪಟ್ಟಿಯಿಂದ ಹೊರಗೆ. ಆ ಜಾಗ ಅರಣ್ಯದ ಗಡಿಯೊಳಗಿದ್ದು, ನೀವು ಪರಿಶಿಷ್ಟ ಪಂಗಡದವರಲ್ಲದಿದ್ದರೆ, 2006ರ ಅರಣ್ಯ ಹಕ್ಕು ಕಾಯ್ದೆ 75 ವರ್ಷದ ವಾಸದ ದಾಖಲೆ ಕೇಳುತ್ತದೆ. ಅಜ್ಜ ಬಿಡಾರ ಹಾಕಿದ ದಿನ ರಸೀದಿ ಬರೆಸಿಕೊಳ್ಳಬೇಕಿತ್ತು.

ಹಣ ಬರುವ ಕ್ರಮವಂತೂ ಇನ್ನೂ ಚೆಂದ. ರಾಜ್ಯದ್ದೇ ಆದ ಬಸವ ವಸತಿ ಯೋಜನೆಯಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಕಂತು. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ. ಕೈಯಲ್ಲಿ ಕಾಸಿಲ್ಲದವನು ಮೊದಲು ಸಾಲ ಮಾಡಿ ತಳಪಾಯ ಎತ್ತಬೇಕು, ಆಮೇಲೆ ಸರ್ಕಾರ ಅವನ ಬಡತನವನ್ನು ನಂಬುತ್ತದೆ. ಮಲೆನಾಡಿನಲ್ಲಿ ಗೋಡೆ ಏರುವುದು ದೀಪಾವಳಿಯಿಂದ ಮೇ ತನಕ. ಮನೆ ಮಂಜೂರಾದ ಆದೇಶಪತ್ರ ಅಕ್ಟೋಬರಿಗೆ ಕೈಸೇರಬೇಕು, ತಳಪಾಯದ ದುಡ್ಡು ಮುಂಗಡವಾಗಿ ಬರಬೇಕು, ಮಾಡಿನ ಕಂತು ಏಪ್ರಿಲ್ ದಾಟಬಾರದು. ಇದಕ್ಕೆ ತಜ್ಞರ ಸಮಿತಿಯೇನೂ ಬೇಡ, ಗೋಡೆಗೆ ನೇತುಹಾಕಿದ ಪಂಚಾಂಗ ಸಾಕು. ಆದೇಶ ಫೆಬ್ರವರಿಗೆ ಬಂದರೆ ಮೃಗಶಿರೆಯ ಹೊತ್ತಿಗೆ ಗೋಡೆ ಲಿಂಟಲ್‌ನಲ್ಲಿ ನಿಂತಿರುತ್ತದೆ, ಮೇಲೆ ನಾಲ್ಕು ಸೋಗೆ. ನೆತ್ತಿಯಿಂದ ನೀರಿಳಿದು ಸಂದಿಯ ಗಾರೆ ಕಿತ್ತು ಬರುತ್ತದೆ. ಮೂಲೆಯಲ್ಲಿಟ್ಟ ಸಿಮೆಂಟು ಚೀಲದಲ್ಲೇ ಕಲ್ಲಾಗುತ್ತದೆ. ಆಗಸ್ಟ್‌ನಲ್ಲಿ ಸಿಗ್ನಲ್ ಸಿಕ್ಕ ದಿನ ಫೋಟೊ ಏರುತ್ತದೆ: ಗೋಡೆ ತುಂಬ ಹಸಿರು ಪಾಚಿ, ಕಿಟಕಿಯ ಕಂಡಿಯಲ್ಲಿ ಮೊಣಕಾಲುದ್ದ ಜರಿಗಿಡ, ಹಿಂದೆ ನೀಲಿ ಟಾರ್ಪಾಲಿನಡಿ ಹೊಗೆಯಾಡುವ ಒಲೆ. ಷರಾ: ಕಾಮಗಾರಿ ಪ್ರಗತಿಯಲ್ಲಿದೆ.