ಚಿಕ್ಕಮ್ಮನ ಕೈಚೀಲ ಮತ್ತು ಎರಡು ನಾಡಿನ ಕಾನೂನು

ಕಳೆದ ಡಿಸೆಂಬರಿನಲ್ಲಿ ನಾನು ಊರಿಗೆ ಬಂದಿದ್ದಾಗ, ತುಮಕೂರಿನ ಬಿ.ಎಚ್. ರಸ್ತೆಯ ದೊಡ್ಡ ಮಳಿಗೆಯೊಂದರ ಬಾಗಿಲಲ್ಲಿ ನನ್ನ ಚಿಕ್ಕಮ್ಮನನ್ನು ತಡೆದು ನಿಲ್ಲಿಸಿದರು. ಬೆಳಿಗ್ಗೆ ಮಂಡಿಪೇಟೆಯಲ್ಲಿ ಕೊಂಡಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಅವರ ಬಟ್ಟೆಚೀಲದಲ್ಲಿತ್ತು, ಮಳಿಗೆಯ ಬಿಲ್ಲಿನಲ್ಲಿ ಇರಲಿಲ್ಲ. "ಇದಕ್ಕೆ ಬಿಲ್ ಎಲ್ಲಿದೆಯಮ್ಮ?" ಎಂದು ಕಾವಲಿನ ಹುಡುಗ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ಕೇಳಿದ. ಅವರು ಹೇಳಿದ್ದನ್ನು ನಂಬದೆ ಒಳಗಿನ ಕೋಣೆಯಲ್ಲಿ ಕೂರಿಸಿ, ಸಿಸಿ ಕ್ಯಾಮೆರಾದ ದೃಶ್ಯ ನೋಡಿ ಮುಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಮೇಲೆ "ಸಾರಿ ಅಮ್ಮ, ಹೊರಡಿ" ಎಂದರು. ಸಾಲಿನಲ್ಲಿ ಎದುರುಮನೆಯವರೂ ಇದ್ದರು.

"ಅವರೇ ತಪ್ಪಾಯಿತು ಅಂದರಲ್ಲ, ಹೋಗಲಿ ಬಿಡು" ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯದಲ್ಲಿರುವ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ.

ಅಲ್ಲಿ ಅಂಗಡಿಯವರಿಗೆ ಗಿರಾಕಿಯನ್ನು ತಡೆಯುವ ಅಧಿಕಾರವೇ ಇಲ್ಲವೆಂದು ಇಲ್ಲಿ ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಆ ರಾಜ್ಯದ ದಂಡಸಂಹಿತೆಯ 490.5ನೇ ಕಲಮಿನಂತೆ, ಕಳವು ನಡೆದಿದೆಯೆಂದು ನಂಬಲು ತಕ್ಕ ಕಾರಣವಿದ್ದರೆ ವ್ಯಾಪಾರಿಯು ವಿಚಾರಿಸುವುದಕ್ಕಾಗಿ ಒಬ್ಬರನ್ನು ಸಮಂಜಸವಾದಷ್ಟು ಹೊತ್ತು, ಸಮಂಜಸವಾದ ರೀತಿಯಲ್ಲಿ ನಿಲ್ಲಿಸಿಕೊಳ್ಳಬಹುದು. ಕೇಳಿದರೂ ವಸ್ತುವನ್ನು ಒಪ್ಪಿಸದಿದ್ದರೆ ಕೈಚೀಲ ನೋಡಬಹುದು, ಮೈಮೇಲಿನ ಬಟ್ಟೆಯನ್ನು ತಡಕುವಂತಿಲ್ಲ. ಈ ಗೆರೆ ದಾಟಿದ ಅಂಗಡಿಯ ಮೇಲೆ ಅಕ್ರಮವಾಗಿ ಕೂಡಿಹಾಕಿದ್ದಕ್ಕೆ, ಹತ್ತು ಜನರ ಮುಂದೆ ಕಳ್ಳರೆಂದದ್ದಕ್ಕೆ, ಮೈಮುಟ್ಟಿದ್ದಕ್ಕೆ ಬೇರೆಬೇರೆಯಾಗಿ ಪರಿಹಾರ ಕೇಳಬಹುದು.

ನಮ್ಮಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ ಎಂಬುದು ನನಗೂ ಓದಿದ ಮೇಲೆಯೇ ತಿಳಿದದ್ದು. ಅಂಗಡಿಗಳಿಗೆಂದೇ ಬರೆದಿಟ್ಟ ಅಂಥ ವಿನಾಯಿತಿ ನಮ್ಮ ಸಂಹಿತೆಗಳಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ, ಪೊಲೀಸರಲ್ಲದ ವ್ಯಕ್ತಿಯೊಬ್ಬರು ಇನ್ನೊಬ್ಬರನ್ನು ಹಿಡಿಯಬೇಕಾದರೆ ಜಾಮೀನುರಹಿತ ಸಂಜ್ಞೇಯ ಅಪರಾಧವು (ಜಾಮೀನು ಹಕ್ಕಾಗಿ ಸಿಗದ, ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧ) ತಮ್ಮ ಸಮ್ಮುಖದಲ್ಲೇ ನಡೆದಿರಬೇಕು, ಇಲ್ಲವೆ ಸಿಕ್ಕಿಬಿದ್ದ ವ್ಯಕ್ತಿ ಘೋಷಿತ ಅಪರಾಧಿ, ಅಂದರೆ ತಲೆಮರೆಸಿಕೊಂಡಿದ್ದಾರೆಂದು ನ್ಯಾಯಾಲಯ ಸಾರಿದವರು, ಆಗಿರಬೇಕು. ಹಿಡಿದ ಮೇಲೂ ವಿಳಂಬ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಬರೀ ಅನುಮಾನದ ಮೇಲೆ ಕೋಣೆಯಲ್ಲಿ ಕೂರಿಸಿಕೊಳ್ಳಲು ಇದರಲ್ಲಿ ಎಡೆಯಿಲ್ಲ. ಹಾಗೆ ಕೂರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮು ಒಂದು ವರ್ಷದವರೆಗಿನ ಸೆರೆ ಅಥವಾ 5000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ಹೇಳುತ್ತದೆ. ಮಾನಹಾನಿಗೆ 356ನೇ ಕಲಮು ಇದೆ.

ಹೀಗಿದ್ದೂ ಅಲ್ಲಿನವರು ಮರುದಿನವೇ ವಕೀಲರಿಗೆ ಫೋನ್ ಮಾಡುತ್ತಾರೆ, ನಮ್ಮವರು ಸೆರಗಿನಿಂದ ಮುಖ ಒರೆಸಿಕೊಂಡು ಆಟೋ ಹತ್ತುತ್ತಾರೆ. ಅಲ್ಲಿನಂತೆ ದೊಡ್ಡ ಮೊತ್ತ ಕೇಳಬೇಕೆಂಬುದು ನನ್ನ ವಾದವಲ್ಲ. ಆದರೆ ನಡೆದದ್ದನ್ನು ಅಂದೇ ಬರೆದಿಡುವುದು, ಆ ದಿನದ ಕ್ಯಾಮೆರಾ ದೃಶ್ಯವನ್ನು ಅಳಿಸಬಾರದೆಂದು ಮಳಿಗೆಗೆ ಲಿಖಿತವಾಗಿ ತಿಳಿಸುವುದು, ಬಿಲ್ಲನ್ನು ಎತ್ತಿಡುವುದು ಇಲ್ಲಿಯೂ ರೂಢಿಗೆ ಬರಬೇಕು. ಅಕ್ರಮವಾಗಿ ಕೂಡಿಹಾಕಿದ್ದಕ್ಕೂ ಮಾನಹಾನಿಗೂ ಸಿವಿಲ್ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಒಂದೇ ವರ್ಷ. ಕ್ಯಾಲಿಫೋರ್ನಿಯದಲ್ಲಿಯೂ ಅಷ್ಟೇ. ಚಿಕ್ಕಮ್ಮ ಅಂದು ಆ ಮಳಿಗೆಯಲ್ಲಿ ದುಡ್ಡು ಕೊಟ್ಟು ಬೇಳೆ, ಸಕ್ಕರೆ ಕೊಂಡಿದ್ದರಿಂದ ಸೇವಾಲೋಪವೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಕಾಶವಿದೆ.

ಮಳಿಗೆಯವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಮಂಡಿಪೇಟೆಯ ದಿನಸಿ ಅಂಗಡಿಯಲ್ಲಿ ಸಾಮಾನನ್ನು ಅಂಗಡಿಯವರೇ ಕಟ್ಟಿಕೊಡುತ್ತಾರೆ, ಇಲ್ಲಿ ಎಲ್ಲರೂ ತಾವೇ ಎತ್ತಿಕೊಳ್ಳುತ್ತಾರೆ, ಕಳವೂ ಆಗುತ್ತದೆ. ಆದರೂ ಬಾಟಲಿಯ ಬಾರ್‌ಕೋಡನ್ನು ತಮ್ಮ ದಾಸ್ತಾನಿನೊಂದಿಗೆ ತಾಳೆ ನೋಡಲು ಎರಡು ನಿಮಿಷ ಸಾಕಿತ್ತು. ಆ ಬ್ರಾಂಡನ್ನು ಅವರು ಮಾರುತ್ತಲೇ ಇರಲಿಲ್ಲ.

ಕೊನೆಗೆ ಮಳಿಗೆಯ ವ್ಯವಸ್ಥಾಪಕರಿಗೆ ಪತ್ರ ಬರೆಯಲು ಚಿಕ್ಕಮ್ಮ ಒಪ್ಪಿದರು. ಪರಿಹಾರದ ಸಾಲಿಗೆ ಬಂದಾಗ ನನ್ನ ಕೈ ತಡೆದು, "ದುಡ್ಡು ಬೇಡ ಕಣಪ್ಪ, ಎದುರುಮನೆಯವರ ಮುಂದೆ ಬಂದು ತಪ್ಪು ನಮ್ಮದು ಅಂತ ಒಂದು ಮಾತು ಹೇಳಲಿ" ಎಂದರು. ಪತ್ರದಲ್ಲಿ ಅದನ್ನೇ ಮೊದಲ ಬೇಡಿಕೆಯಾಗಿ ಬರೆದೆ.